ಶಿರ್ವದ ಮನೆಯ ಹೊಗೆಗೂಡು

ಬೆಳ್ಮಣ್ಣಿನ ದೇಜಪ್ಪನಿಗೆ ಒಲೆ ಕಟ್ಟುವ ಕೆಲಸವನ್ನು ಯಾರೂ ಎದುರಿಗೆ ಕೂರಿಸಿಕೊಂಡು ಕಲಿಸಿದ್ದಲ್ಲ. ಮೀಸೆ ಮೂಡುವ ಮೊದಲೇ ಹಂಚಿನ ಕಾರ್ಖಾನೆಗೆ ಸೇರಿದವನು, ಅಲ್ಲಿ ಹಂಚು ಸುಡುವ ಭಟ್ಟಿಗೆ ಸೌದೆ ಒಡ್ಡುತ್ತಾ ಹನ್ನೆರಡು ವರ್ಷ ಕಳೆದಿದ್ದ. ಹೊಗೆ ಯಾವಾಗ ನೆಟ್ಟಗೆ ಮೇಲೇರುತ್ತದೆ, ಯಾವಾಗ ಅರ್ಧ ದಾರಿಯಲ್ಲಿ ತಣ್ಣಗಾಗಿ ಕೆಳಗೆ ಕುಸಿಯುತ್ತದೆ ಎಂಬುದನ್ನು ಅಲ್ಲಿ ನೋಡಿ ನೋಡಿ ತಿಳಿದುಕೊಂಡ. ಎಪ್ಪತ್ತೆರಡನೇ ಇಸವಿಯಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಗಾರೆ ಕೆಲಸಕ್ಕೆ ಇಳಿದ. ಒಂದೆರಡು ಮನೆಗಳಲ್ಲಿ ಹೊಗೆ ಕಾರುತ್ತಿದ್ದ ಒಲೆಗಳನ್ನು ಸರಿಮಾಡಿಕೊಟ್ಟದ್ದು ಬಾಯಿಂದ ಬಾಯಿಗೆ ಹೋಗಿ, ಕೊನೆಗೆ ಅದೇ ಅವನ ಕಸುಬಾಯಿತು.

ಕಾರ್ಕಳದಿಂದ ಕಾಪುವಿನವರೆಗೆ ಯಾರ ಅಡುಗೆಮನೆಯಲ್ಲಿ ಹೊಗೆ ನಿಂತರೂ ದೇಜಪ್ಪನಿಗೆ ಹೇಳಿಕಳಿಸುತ್ತಿದ್ದರು. ಮಣಿಪಾಲದ ಹಾಸ್ಟೆಲ್ ಮೆಸ್ಸೊಂದರ ದೊಡ್ಡ ಒಲೆಗೆ ಹೊಗೆಗೂಡು ಕಟ್ಟಿಕೊಟ್ಟವನೂ ಅವನೇ. ಅವನ ಚೀಲದಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಒಂದು ಕರಣೆ, ಒಂದು ತೂಕದ ಗುಂಡು, ಮಸಿ ಕೆರೆಯಲು ಉದ್ದ ಹಿಡಿಯ ಕತ್ತಿ. ಉಳಿದದ್ದೆಲ್ಲ ಎಡಗೈಯ ಕೆಲಸ. ಬಲಗೈಯಲ್ಲಿ ಕರಣೆ ಹಿಡಿದು, ಎಡಗೈಯನ್ನು ಹೊಗೆಗೂಡಿನ ಗೋಡೆಯ ಮೇಲೆ ನಿಧಾನ ಆಡಿಸುತ್ತಾ ಹೋಗುವನು. ಎಲ್ಲಿ ಬಿಸಿ ಹೆಚ್ಚು, ಎಲ್ಲಿ ಕೂದಲೆಳೆಯಷ್ಟು ಬಿರುಕಿನಿಂದ ಗಾಳಿ ಒಳಗೆ ಹೋಗುತ್ತಿದೆ ಎಂದು ಆ ಅಂಗೈಗೆ ಗೊತ್ತಾಗುತ್ತಿತ್ತು. ಅಲ್ಲಿ ಒಂದು ಗೀಟು ಹಾಕಿ, ಮಣ್ಣು ಮೆತ್ತಿ, ಕೈ ತೊಳೆದು ಹೊರಡುತ್ತಿದ್ದ. ಮಾತು ಕಡಿಮೆ. ಚೆನ್ನಾಗಿ ಆಯಿತು ಎಂದು ಹೊಗಳಿದರೆ ತಲೆ ಆಡಿಸಿ ಸುಮ್ಮನಾಗುವ ಜಾತಿಯವನು.

ಎಂಬತ್ತೊಂದರ ಜನವರಿಯಲ್ಲಿ ಶಿರ್ವದ ಕಾನ್ಸೆಪ್ಟಾ ಬಾಯಿಯವರ ಮನೆಯಿಂದ ಕರೆ ಬಂತು. ಅವರ ಮಗ ಕ್ಲಾರೆನ್ಸ್ ಬಹರೈನಿನಲ್ಲಿದ್ದ. ಹಳೆಯ ಹಂಚಿನ ಮನೆ ಕೆಡವಿ, ಮೇಲೊಂದು ಕೋಣೆಯೂ ಇರುವ ತಾರಸಿ ಮನೆ ಕಟ್ಟಿಸಿದ್ದ. ಅಡುಗೆಮನೆಗೆ ಗೋಡೆಯ ಅರ್ಧದವರೆಗೂ ಬಿಳಿ ಟೈಲ್ಸ್, ಒಲೆಯ ಮೇಲೆ ಕಾಂಟ್ರಾಕ್ಟರನ ಪ್ಲಾನಿನಲ್ಲಿ ತೋರಿಸಿದ್ದಂಥ ಹೊಗೆಗೂಡು. ಪಾದ್ರಿಗಳು ಬಂದು ಮನೆ ಆಶೀರ್ವದಿಸಿ ಹೋಗಿ ಒಂದು ತಿಂಗಳಾಗುವುದರೊಳಗೆ ಆ ಬಿಳಿ ಟೈಲ್ಸು ಹಳದಿಯಾಗಿ, ತಾರಸಿಯ ಅಡಿ ಕಪ್ಪಾಗಿತ್ತು. ಸೊಸೆ ಝೀಟಾ ಕೆಮ್ಮುತ್ತಾ ಸಾಕಾಗಿ, ಸೀಮೆಎಣ್ಣೆ ಸ್ಟೌ ತರಿಸೋಣ ಎನ್ನುತ್ತಿದ್ದಳು. ಗ್ಯಾಸಿಗೆ ಹೆಸರು ಬರೆಸಿ ಎರಡು ವರ್ಷವಾದರೂ ಸಿಲಿಂಡರಿನ ಸುದ್ದಿ ಇರಲಿಲ್ಲ. ಹತ್ತು ಜನರ ಕುಚ್ಚಲಕ್ಕಿ ಗಂಜಿ ಸ್ಟೌವಿನ ಮೇಲೆ ಬೇಯುವಂಥದ್ದಲ್ಲ ಎಂದು ಕಾನ್ಸೆಪ್ಟಾ ಬಾಯಿ ಹೊಸ ಅಡುಗೆಮನೆಯನ್ನು ಬಿಟ್ಟು ಹಿಂದಿನ ಕೊಟ್ಟಿಗೆಯಲ್ಲಿ ಮೂರು ಕಲ್ಲು ಇಟ್ಟು ಬೇಯಿಸುತ್ತಿದ್ದರು.

ಮೊದಲ ದಿನ ದೇಜಪ್ಪ ಒಲೆಯ ಹತ್ತಿರವೂ ಹೋಗಲಿಲ್ಲ. ತಾರಸಿ ಹತ್ತಿ ಮಧ್ಯಾಹ್ನ ಕಳೆಯುವವರೆಗೂ ಗಾಳಿ ನೋಡುತ್ತಾ ಕುಳಿತ. ಮೇಲಿನ ಕೋಣೆ ಹೊಗೆಗೂಡಿನ ಬಾಯಿಗಿಂತ ಎತ್ತರವಿತ್ತು. ಹೊತ್ತು ನೆತ್ತಿಯಿಂದ ಇಳಿದದ್ದೇ ಕಡಲ ಕಡೆಯ ಗಾಳಿ ಆ ಕೋಣೆಯನ್ನು ಹತ್ತಿ, ಆಚೆ ಬದಿಗೆ ಇಳಿಯುವಾಗ ನೇರ ಹೊಗೆಗೂಡಿನೊಳಗೇ ಬೀಳುತ್ತಿತ್ತು. ಎರಡು ಸಿಮೆಂಟ್ ಪೈಪು ತರಿಸಿ, ಬಾಯಿಯನ್ನು ಕೋಣೆಯ ಸೂರಿಗಿಂತ ಮೂರು ಅಡಿ ಮೇಲಕ್ಕೆ ಏರಿಸಿದ. ಎರಡನೇ ದಿನ ಒಳಗಿನ ಕೆಲಸ. ಗೂಡನ್ನು ಒಂದೂವರೆ ಅಡಿ ಅಗಲಕ್ಕೆ ಬಾವಿಯ ಹಾಗೆ ಕಟ್ಟಿದ್ದರು. ಅಷ್ಟು ಜಾಗ ಸಿಕ್ಕಿದರೆ ಹೊಗೆ ಅವಸರ ಮಾಡುವುದಿಲ್ಲ. ಅಲ್ಲೇ ಸುತ್ತಾಡಿ, ತಣ್ಣಗಾಗಿ, ಬಂದ ದಾರಿಯಲ್ಲೇ ಇಳಿದುಬರುತ್ತದೆ. ಒಡೆದ ಹಂಚು, ಹುತ್ತದ ಮಣ್ಣು, ಉಮಿ ಸೇರಿಸಿ ಅದರ ಕುತ್ತಿಗೆಯನ್ನು ಅರ್ಧಕ್ಕೆ ಕಿರಿದು ಮಾಡಿ, ಅದರ ಬುಡದಲ್ಲಿ ಬೇಕಾದಾಗ ಸರಿಸಲು ಬರುವಂಥ ಕಬ್ಬಿಣದ ತಗಡೊಂದನ್ನು ಕೂರಿಸಿ, ಒಳಗೆ ನುಣ್ಣಗೆ ಸಾರಿಸಿದ.

ಮೂರನೇ ದಿನ ಬೆಂಕಿ ಹಾಕಿದರು. ಹೊಗೆ ಅರ್ಧ ಮೇಲೆ ಹೋಯಿತು, ಅರ್ಧ ಅಡುಗೆಮನೆಗೆ ಬಂತು. ದೇಜಪ್ಪ ಎಡಗೈಯನ್ನು ಟೈಲ್ಸಿನ ಅಂಚಿನ ಮೇಲೆ, ಒಲೆ ಗೋಡೆಗೆ ಸೇರುವ ಕಡೆ, ತಗಡಿನ ಸುತ್ತ ಎಲ್ಲ ಆಡಿಸಿ ನೋಡಿದ. ಎಲ್ಲೂ ಬಿರುಕಿಲ್ಲ ಎಂದ. ಮತ್ತೊಮ್ಮೆ ಆಡಿಸಿ, ಅದನ್ನೇ ಹೇಳಿದ. ಹಾಗಾದರೆ ತಪ್ಪು ಮೇಲೆಯೇ ಇರಬೇಕೆಂದು, ಆ ತಗಡಿನ ಮೇಲೆ ಎಡಗೈ ಊರಿ ಬಗ್ಗಿ, ಕತ್ತನ್ನು ಹೊರಳಿಸಿ ಗೂಡಿನೊಳಗೆ ಇಣುಕತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಬೇರೊಂದು ವಾಸನೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಕಾನ್ಸೆಪ್ಟಾ ಬಾಯಿ ಹತ್ತಿರ ಬಂದರು.

"ದೇಜಪ್ಪ, ಕೈ ತೆಗೆ," ಎಂದರು.

"ಎಂತ ಬಾಯಮ್ಮ?"

"ಕೈ ಸುಡ್ತಾ ಉಂಟು. ನಿನಗೆ ಗೊತ್ತಾಗುವುದಿಲ್ವಾ?"

ಅವನು ಕೈ ಎತ್ತಿ ನೋಡಿದ. ಕಿರುಬೆರಳಿನ ಕೆಳಗೆ ಅಂಗೈಯ ಅಂಚಿನ ಚರ್ಮ ಬಿಳುಚಿಕೊಂಡು ಮೇಲೆದ್ದಿತ್ತು. ಒಂದು ತುಣುಕು ತಗಡಿಗೇ ಅಂಟಿ ಉಳಿದಿತ್ತು. ನೋವು ಬರುತ್ತದೆಯೋ ಎಂದು ಅವನು ಕಾದ. ಬರಲಿಲ್ಲ. ಇನ್ನೊಂದು ಕೈಯ ಉಗುರಿನಿಂದ ಆ ಜಾಗವನ್ನು ಒತ್ತಿದ. ಅಲ್ಲೇನೂ ಇರಲಿಲ್ಲ.

ಝೀಟಾ ತೆಂಗಿನೆಣ್ಣೆ ತರಲು ಓಡಿದಳು. ಕಾನ್ಸೆಪ್ಟಾ ಬಾಯಿ ಎಣ್ಣೆಯ ಮಾತೆತ್ತಲಿಲ್ಲ. ಅವನ ಮೊಣಕೈಯ ಹತ್ತಿರ ಅಂಗಿಯ ತೋಳನ್ನು ಸರಿಸಿದರು. ರೂಪಾಯಿಯ ಅಗಲದ ಒಂದು ಮಚ್ಚೆ, ಸುತ್ತಲ ಚರ್ಮಕ್ಕಿಂತ ತುಸು ಬಿಳಿ. ಎಷ್ಟು ಸಮಯವಾಯಿತು ಎಂದು ಕೇಳಿದರು. ಎರಡು ಮಳೆಗಾಲ ಕಳೆಯಿತು, ಚಿಬ್ಬು ಇರಬೇಕೆಂದು ಗಂಧಕದ ಮುಲಾಮು ಹಚ್ಚುತ್ತಿದ್ದೇನೆ ಎಂದ. ಅವರು ತೋಳನ್ನು ಮೊದಲಿನಂತೆ ಎಳೆದು, ಕೆಲಸ ಇವತ್ತಿಗೆ ಸಾಕು, ನನ್ನ ಜೊತೆ ಬಾ ಎಂದು ಕೊಡೆ ಹಿಡಿದು ಹೊರಟೇಬಿಟ್ಟರು.

ಇಗರ್ಜಿಯ ಹತ್ತಿರದ ದವಾಖಾನೆಯಲ್ಲಿದ್ದ ಸಿಸ್ಟರ್ ಗಾಯಕ್ಕೆ ಬಟ್ಟೆ ಕಟ್ಟಿ, ಕಣ್ಣು ಮುಚ್ಚಲು ಹೇಳಿ, ಕೋಳಿಯ ಗರಿಯಿಂದ ಅವನ ಕೈಯನ್ನು ಅಲ್ಲಲ್ಲಿ ಮುಟ್ಟಿದರು. ಮುಟ್ಟಿದಾಗ ಹೇಳು ಎಂದರು. ಅವನು ಕಣ್ಣು ಮುಚ್ಚಿ ಕುಳಿತ. ಬಹಳ ಹೊತ್ತಾದರೂ ಅವರು ಯಾಕೆ ಮುಟ್ಟುವುದಿಲ್ಲ ಎಂದು ಕಣ್ಣು ಬಿಟ್ಟರೆ, ಗರಿ ಅವನ ಕಿರುಬೆರಳಿನ ಮೇಲೆಯೇ ಇತ್ತು. ಮಣಿಪಾಲದ ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು.

ಮಣಿಪಾಲದ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಮೊಣಕೈಯ ಹಿಂದೆ ಬೆರಳಿಟ್ಟು, ಹಗ್ಗದ ಹಾಗೆ ದಪ್ಪಗಾಗಿದ್ದ ನರವೊಂದನ್ನು ಉರುಳಿಸಿ ನೋಡಿ, ಕುಷ್ಠ ಎಂದರು. ಈ ಬಗೆಯದು ಇನ್ನೊಬ್ಬರಿಗೆ ಹರಡುವುದು ತೀರ ಅಪರೂಪ, ಐದು ವರ್ಷ ದಿನಕ್ಕೊಂದು ಮಾತ್ರೆ ತಪ್ಪದೆ ತಿಂದರೆ ಗುಣವಾಗುತ್ತದೆ, ಹೆಂಡತಿಯ ಜೊತೆ ಮೊದಲಿನ ಹಾಗೆಯೇ ಇರಬಹುದು ಎಂದೆಲ್ಲ ವಿವರಿಸಿದರು. ಏನಾದರೂ ಕೇಳುವುದು ಉಂಟಾ ಎಂದರು. ಕೇಳಬೇಕಾದದ್ದು ಬಹಳ ಇರಬೇಕು ಎಂದು ದೇಜಪ್ಪನಿಗೆ ಅನಿಸಿತು. ಎದುರಿನ ಗೋಡೆಯ ಮೇಲೆ ಹಲ್ಲಿಯೊಂದು ಗಡಿಯಾರದ ಕೆಳಗಿನಿಂದ ಮೇಲಕ್ಕೆ ಹೋಗುವುದನ್ನು ನೋಡುತ್ತಿದ್ದ. ಕೊನೆಗೆ, ಕೈಗೆ ಗೊತ್ತಾಗುವುದು ವಾಪಸು ಬರುತ್ತದಾ ಎಂದು ಕೇಳಿದ.

"ಹೋದದ್ದು ಹೋಯಿತು ಮಾರಾಯ," ಎಂದರು ಡಾಕ್ಟರು. "ಇನ್ನು ಮುಂದೆ ಹೋಗದ ಹಾಗೆ ನೋಡುವ. ಕೈಯನ್ನು ದಿನಾ ಕಣ್ಣಿಂದ ನೋಡಿಕೊಳ್ಳಬೇಕು ನೀನು."

ಮನೆಗೆ ಬಂದು ಹೆಂಡತಿ ಸೇಸಿಗೆ, ಬಾವಿಯ ಹಗ್ಗ ತುಂಡಾಗಿದೆ ಎಂದು ಹೇಳುವ ದನಿಯಲ್ಲೇ ಇದನ್ನೂ ಹೇಳಿದ. ಸೇಸಿ ಬೀಡಿ ಕಟ್ಟುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. ಮತ್ತೆ ಎಲೆಗೆ ಕತ್ತರಿ ಹಾಕಿದಳು. ಮರುದಿನ ದೇಜಪ್ಪ ತನ್ನ ಬಟ್ಟಲು, ಲೋಟ, ಚಾಪೆಗಳನ್ನು ತಾನೇ ಎತ್ತಿಕೊಂಡು ಹೋಗಿ ಹೊರಜಗಲಿಯಲ್ಲಿ ಇಟ್ಟುಕೊಂಡ. ಡಾಕ್ಟರು ಹಾಗೆ ಮಾಡಲು ಹೇಳಿದರಾ ಎಂದು ಅವಳು ಕೇಳಿದಳು. ಇಲ್ಲ ಎಂದ. ಎಂಟು ದಿನ ಅವಳು ಜಗಲಿಗೇ ತಂದು ಬಡಿಸಿದಳು. ಒಂಬತ್ತನೇ ದಿನ ಅವನು ಮಿಂದು ಬರುವಷ್ಟರಲ್ಲಿ ಬಟ್ಟಲೂ ಚಾಪೆಯೂ ಒಳಗೆ ಹೋಗಿದ್ದವು.

ಆ ದಿನಗಳಲ್ಲಿ ಅವನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬೆಳಿಗ್ಗೆ ಎದ್ದು ಮಾತ್ರೆ ನುಂಗುತ್ತಿದ್ದ, ಕೈಯ ಗಾಯ ತೊಳೆಯುತ್ತಿದ್ದ, ರಸ್ತೆಯಲ್ಲಿ ಹೋಗುವ ಕಾರ್ಕಳದ ಬಸ್ಸುಗಳನ್ನು ನೋಡುತ್ತಾ ಕುಳಿತಿರುತ್ತಿದ್ದ. ಉಡುಪಿಯ ಹೋಟೆಲೊಂದರಲ್ಲಿ ಒಪ್ಪಿಕೊಂಡ ಕೆಲಸವಿತ್ತು. ಗಾಯ ಸ್ವಲ್ಪ ಒಣಗಿದ ಮೇಲೆ ಅಲ್ಲಿಗೆ ಹೋದರೆ, ಹಿತ್ತಲ ಬಾಗಿಲಲ್ಲೇ ತಡೆದು, ಈಗ ಬೇಡ, ಬೇಕಾದಾಗ ನಾವೇ ಹೇಳುತ್ತೇವೆ ಎಂದರು. ಸುದ್ದಿ ಅಷ್ಟು ಬೇಗ ಉಡುಪಿಯವರೆಗೆ ಹೇಗೆ ಹೋಯಿತು ಎಂದು ಅವನು ಯೋಚಿಸಲಿಲ್ಲ. ಸರಿ ಎಂದು ತಿರುಗಿ, ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಬೆಳ್ಮಣ್ಣಿನ ಬಸ್ಸು ಹಿಡಿದ.

ಆರನೇ ವಾರ ಶಿರ್ವದಿಂದ ಬರುವ ಬಸ್ಸಿನ ಕಂಡಕ್ಟರ್ ಮ್ಯಾಕ್ಸಿಮ್ ದೇಜಪ್ಪನ ಮನೆಯ ಎದುರು ಬಸ್ಸು ನಿಲ್ಲಿಸಿ, ಕಾನ್ಸೆಪ್ಟಾ ಬಾಯಿ ಕೆಲಸ ಮುಗಿಸಲು ಬರಬೇಕೆಂದಿದ್ದಾರೆ ಎಂದು ಕೂಗಿ ಹೇಳಿದ. ದೇಜಪ್ಪ ಹೋಗುವ ಮನಸ್ಸು ಮಾಡಲಿಲ್ಲ. ಎರಡು ದಿನ ಬಿಟ್ಟು ಮ್ಯಾಕ್ಸಿಮ್ ಮತ್ತೆ ಅದನ್ನೇ ಕೂಗಿದ. ಮೂರನೇ ಸಲ ಕೂಗಿದಾಗ, ದಿನಾ ಬಸ್ಸು ನಿಲ್ಲಿಸುವುದು ಎಷ್ಟು ಸಮ, ಹೋಗಿ ಬನ್ನಿ ಎಂದು ಸೇಸಿಯೇ ಚೀಲ ತಂದು ಕೈಗೆ ಕೊಟ್ಟಳು.

ಅವನು ಶಿರ್ವದ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಒಳಗೆ ಅತ್ತೆ ಸೊಸೆಯರ ಮಾತು ಕೇಳಿಸುತ್ತಿತ್ತು. ಕೊಂಕಣಿಯಾದರೂ ಅವನಿಗೆ ಅರ್ಥವಾಗುತ್ತಿತ್ತು. ಚಿಕ್ಕ ಮಗು ಇರುವ ಮನೆ, ಅಡುಗೆಮನೆಯೊಳಗೇ ಅವನನ್ನು ಹೇಗೆ ಬಿಡುವುದು ಎಂದು ಝೀಟಾ ಕೇಳುತ್ತಿದ್ದಳು. ಅವಳ ದನಿಯಲ್ಲಿ ತಾತ್ಸಾರವಿರಲಿಲ್ಲ, ಹೆದರಿಕೆಯಿತ್ತು. ದೇಜಪ್ಪ ಅಲ್ಲೇ ತುಳಸಿಯಿಲ್ಲದ ಅಂಗಳದ ಮಧ್ಯೆ ನಿಂತ. ಒಳಗೆ ಹೋಗಬೇಕೋ ಹಿಂದೆ ಹೋಗಬೇಕೋ, ಎರಡೂ ಅವನಿಗೆ ಒಂದೇ ಆಗಿತ್ತು.

ಕಾನ್ಸೆಪ್ಟಾ ಬಾಯಿ ಹೊರಗೆ ಬಂದವರು ಅವನನ್ನು ಕಂಡು, ಅವನಿಗೂ ಸೊಸೆಗೂ ಒಟ್ಟಿಗೇ ಕೇಳುವ ಹಾಗೆ ಹೇಳಿದರು. "ನನ್ನ ಮಾಮನನ್ನು ತೋಟದ ಮೂಲೆಯಲ್ಲಿ ಗುಡಿಸಲು ಕಟ್ಟಿ ಇಟ್ಟಿದ್ದರು. ಗಂಜಿ ತೆಗೆದುಕೊಂಡು ಹೋಗಿ ಕಲ್ಲಿನ ಮೇಲೆ ಇಟ್ಟು ಬರುವುದು ನನ್ನ ಕೆಲಸ. ಏಳು ವರ್ಷ ಇಟ್ಟೆ. ಅವನ ಮುಖ ನೋಡಬಾರದು ಎಂದಿದ್ದರು, ನೋಡಲಿಲ್ಲ. ಆಗ ಮಾತ್ರೆ ಇರಲಿಲ್ಲ. ಈಗ ಉಂಟು. ಬಾ ಒಳಗೆ."

ಝೀಟಾ ಮಗುವನ್ನು ಎತ್ತಿಕೊಂಡು ಮೇಲಿನ ಕೋಣೆಗೆ ಹೋದಳು.

ದೇಜಪ್ಪ ಒಲೆಯ ಎದುರು ಕುಕ್ಕುರುಗಾಲಲ್ಲಿ ಕುಳಿತ. ಇಷ್ಟು ದಿನ ಕೈ ಹೇಳಿದ್ದನ್ನು ನಂಬಿ ಕೆಲಸ ಮಾಡಿದವನು. ಕಾಣುವ ಕಡೆಯಲ್ಲಿ ಬಿರುಕಿಲ್ಲ. ಇದ್ದರೆ ಟೈಲ್ಸಿನ ಹಿಂದೆ ಇರಬೇಕು, ಅದನ್ನು ಹುಡುಕಲು ಆ ಅಂಗೈ ಇನ್ನು ಪ್ರಯೋಜನಕ್ಕಿಲ್ಲ. ಬಲಗೈ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಆ ಅಭ್ಯಾಸವಿರಲಿಲ್ಲ. ಆಡಿಸಿದರೆ ಎಲ್ಲ ಕಡೆಯೂ ಒಂದೇ ಎಂದಷ್ಟೇ ತಿಳಿಯುತ್ತಿತ್ತು. ಕೈಯನ್ನು ಹಿಂದೆ ತೆಗೆದು, ಬಾಯಮ್ಮ, ಒಂದು ಮೇಣದ ಬತ್ತಿ ಬೇಕಿತ್ತು ಎಂದ. ಕಾನ್ಸೆಪ್ಟಾ ಬಾಯಿ ದೇವರ ಪೀಠದ ಎದುರಿನಿಂದ ಅರ್ಧ ಉರಿದ ಬತ್ತಿಯೊಂದನ್ನು ತಂದುಕೊಟ್ಟರು.

ಮೊದಲು ಒಂದು ಹಿಡಿ ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ, ತಗಡು ಸರಿಸಿ ಗೂಡಿನ ಕುತ್ತಿಗೆಯಲ್ಲೇ ಉರಿಸಿದ. ತಣ್ಣಗಿದ್ದ ಗೂಡು ಬಿಸಿಯಾಗಿ, ಗಾಳಿ ಮೇಲಕ್ಕೆ ಹತ್ತತೊಡಗಿತು. ಒಲೆಯಲ್ಲಿ ನಾಲ್ಕು ತೆಂಗಿನ ಗೆರಟೆ ಇಟ್ಟು ಉರಿ ಮಾಡಿದ. ಕಿಟಕಿ ಬಾಗಿಲು ಮುಚ್ಚಿಸಿ, ಬತ್ತಿ ಹೊತ್ತಿಸಿ, ಟೈಲ್ಸಿನ ಒಂದೊಂದೇ ಅಂಚಿಗೆ ಹಿಡಿಯುತ್ತಾ ಹೋದ. ಉಸಿರು ಬಿಟ್ಟರೆ ಜ್ವಾಲೆ ಅಲ್ಲಾಡುತ್ತದೆಂದು ಮುಖ ಆಚೆ ತಿರುಗಿಸಿ, ಕಣ್ಣಂಚಿನಲ್ಲಿ ನೋಡುತ್ತಿದ್ದ. ಕೆಳಗಿನಿಂದ ಮೂರನೇ ಸಾಲಿನ ಮೂಲೆಯಲ್ಲಿ ಜ್ವಾಲೆ ಮೆಲ್ಲನೆ ಗೋಡೆಯ ಕಡೆಗೆ ಬಾಗಿತು. ಬತ್ತಿಯನ್ನು ಹಿಂದೆ ತಂದು ಮತ್ತೆ ಹಿಡಿದ. ಮತ್ತೆ ಬಾಗಿತು.

ಅಲ್ಲಿಯ ಮೂರು ಟೈಲ್ಸು ಒಡೆದಾಗ ನಾಲ್ಕು ಬೆರಳು ಹೋಗುವಷ್ಟು ತೂತು ಕಾಣಿಸಿತು. ಕಾಂಟ್ರಾಕ್ಟರನ ಜನ ಗೂಡು ಕಟ್ಟುವಾಗ ಆಧಾರಕ್ಕೆ ಇಟ್ಟ ಹಲಗೆಯ ತುಂಡನ್ನು ತೆಗೆಯದೆ, ಮೇಲೆಯೇ ಟೈಲ್ಸು ಕೂರಿಸಿದ್ದರು. ಮೊದಲ ತಿಂಗಳಲ್ಲೇ ಆ ಹಲಗೆ ಒಳಗೊಳಗೇ ಸುಟ್ಟು ಬೂದಿಯಾಗಿ, ಅದರ ಜಾಗದಿಂದ ತಣ್ಣನೆ ಗಾಳಿ ಗೂಡಿಗೆ ನುಗ್ಗಿ ಹೊಗೆಯ ಬಿಸಿಯನ್ನು ಕೊಲ್ಲುತ್ತಿತ್ತು. ದೇಜಪ್ಪ ಬೂದಿ ಕೆರೆದು ತೆಗೆದು, ಮುರಕಲ್ಲಿನ ಚೂರು ತುರುಕಿ, ಮಣ್ಣು ಮೆತ್ತಿ ಮುಚ್ಚಿದ. ಎಡಗೈಗೆ ಗೋಣಿ ಸುತ್ತಿಕೊಂಡೇ ಎಲ್ಲವನ್ನೂ ಮಾಡಿದ.

ಮರುದಿನ ಮಣ್ಣು ಆರಿದ ಮೇಲೆ ಕಾನ್ಸೆಪ್ಟಾ ಬಾಯಿ ದೊಡ್ಡ ಗಂಜಿ ಪಾತ್ರೆ ಇಟ್ಟು ಒಲೆ ಹೊತ್ತಿಸಿದರು. ಉರಿ ಹಿಂದಕ್ಕೆ ಬಾಗಿ, ಸಣ್ಣ ಸದ್ದು ಮಾಡುತ್ತಾ ಗೂಡಿನೊಳಗೆ ನುಗ್ಗಿತು. ಅಡುಗೆಮನೆಗೆ ಹೊಗೆಯ ಒಂದು ಎಳೆಯೂ ಬರಲಿಲ್ಲ. ಕೆಲಸದವರು, ನೆರೆಮನೆಯ ಡುಲ್ಸಿನ್ ಬಾಯಿ, ಎಲ್ಲರೂ ಅಂಗಳಕ್ಕೆ ಹೋಗಿ ಪೈಪಿನ ಬಾಯಿಂದ ಹೊಗೆ ತೆಂಗಿನ ಮರಗಳಾಚೆ ಹೋಗುವುದನ್ನು ನೋಡಿದರು. ಝೀಟಾ ಬಾಗಿಲವರೆಗೆ ಬಂದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದಳು. ಚಹಾ ಮಾಡಿ, ಲೋಟವನ್ನು ನೆಲದ ಮೇಲೆ ಇಡಹೊರಟವಳು ಮನಸ್ಸು ಬದಲಿಸಿ ಅವನ ಕೈಗೇ ಕೊಟ್ಟಳು. ಇದು ಸಂತೋಷಪಡಬೇಕಾದ ಹೊತ್ತು ಎಂದು ಅವನಿಗೆ ಗೊತ್ತಿತ್ತು. ಅವನು ಚಹಾ ಕುಡಿದ, ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.

ಆಮೇಲೆ ಕೆಲಸ ಒಂದೊಂದಾಗಿ ಬಂತು. ಕಾನ್ಸೆಪ್ಟಾ ಬಾಯಿ ಭಾನುವಾರ ಪೂಜೆ ಮುಗಿಸಿ ಬಂದವರನ್ನೆಲ್ಲ ತಮ್ಮ ಅಡುಗೆಮನೆಗೆ ಕರೆದು ತೋರಿಸುತ್ತಿದ್ದರು. ಕೆಲವರು ಕರೆದರು, ಕೆಲವರು ಅವನ ಎಡಗೈ ನೋಡಿ ಬೇಡವೆಂದರು. ಕಿರುಬೆರಳೂ ಅದರ ಪಕ್ಕದ ಬೆರಳೂ ಮೆಲ್ಲಮೆಲ್ಲನೆ ಒಳಕ್ಕೆ ಬಾಗಿದ್ದವು. ಬೇಡ ಎಂದವರ ಮೇಲೂ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಎಂಬತ್ತನಾಲ್ಕರಲ್ಲಿ ಸರ್ಕಾರದಿಂದ ಹೊಗೆಯಿಲ್ಲದ ಒಲೆಗಳ ಯೋಜನೆ ಬಂದಾಗ ಕಾರ್ಕಳದಲ್ಲಿ ಗಾರೆಯವರಿಗೆ ಮೂರು ದಿನದ ತರಬೇತಿ ನಡೆಯಿತು. ಕಲಿಯಲೆಂದು ಹೋದ ದೇಜಪ್ಪನೇ ಎರಡನೇ ದಿನ ಎದ್ದು ನಿಂತು, ಬತ್ತಿಯಿಂದ ಬಿರುಕು ಹುಡುಕುವುದನ್ನು ಉಳಿದವರಿಗೆ ತೋರಿಸಬೇಕಾಯಿತು. ಅಷ್ಟು ಜನರ ಎದುರು ಕೈ ಅಡಗಿಸಿಕೊಳ್ಳಬೇಕೆಂದು ಅವನಿಗೆ ತೋಚಲೇ ಇಲ್ಲ.

ಎಂಬತ್ತಾರರ ಮಾರ್ಚಿನಲ್ಲಿ ಡಾಕ್ಟರು ಚರ್ಮವನ್ನೆಲ್ಲ ಪರೀಕ್ಷೆ ಮಾಡಿ, ಇನ್ನು ಮಾತ್ರೆ ಬೇಡ, ಕಾಯಿಲೆ ಹೋಗಿದೆ ಎಂದು ಕೈಕುಲುಕಿದರು. ಆ ದಿನ ಅವನಿಗೆ ಕಾಪುವಿನಲ್ಲಿ ಕೆಲಸವಿತ್ತು. ಕುಂಞಾಲಿ ಬ್ಯಾರಿಗಳ ಮನೆ ಕಡಲಿಗೆ ತೀರ ಹತ್ತಿರ. ಎಷ್ಟು ಎತ್ತರಿಸಿದರೂ ಗಾಳಿ ಪೈಪಿನ ಬಾಯಿಗೇ ಹೊಡೆಯುತ್ತಿತ್ತು. ತಗಡು ಬಗ್ಗಿಸಿ ಟೋಪಿಯ ಹಾಗೆ ಮಾಡಿ, ಕಡಲಿಗೆ ಬೆನ್ನು ಬರುವಂತೆ ಕೂರಿಸಿದ ಮೇಲೆ ಹೊಗೆ ಸರಿಯಾಯಿತು. ಕುಂಞಾಲಿಯವರ ಹೆಂಡತಿ ಆಸ್ಯಾ ಒಳಗಿನಿಂದಲೇ, ರೊಟ್ಟಿ ಬೇಯಿಸುವಾಗ ಈಗ ಕಣ್ಣು ಬಿಡಬಹುದು ಎಂದು ಗಂಡನ ಹತ್ತಿರ ಹೇಳಿಸಿದರು. ದೇಜಪ್ಪ ತಲೆ ಆಡಿಸಿದ. ಆಸ್ಪತ್ರೆಯ ವಿಷಯವನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.

ಸಂಜೆ ಮನೆ ಸೇರಿದಾಗ ಸೇಸಿ ಹೊರಗಿನ ಮೆಟ್ಟಿಲಲ್ಲಿ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದಳು. ಡಾಕ್ಟರು ಎಂತ ಹೇಳಿದರು ಎಂದು ಕೇಳಿದಳು.

"ಮಾತ್ರೆ ಸಾಕಂತೆ. ಹೋಯಿತಂತೆ," ಎಂದ.

ಸೇಸಿ ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟಳು. ಅವಳ ಭುಜ ಅದುರತೊಡಗಿತು. ಐದು ವರ್ಷದಲ್ಲಿ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ಈಗ ಒಳ್ಳೆಯ ಸುದ್ದಿಗೆ ಯಾಕೆ ಅಳುತ್ತಾಳೆ ಎಂದು ಅವನಿಗೆ ತಿಳಿಯಲಿಲ್ಲ. ಚೀಲವನ್ನು ಬದಿಗಿಟ್ಟು ಅವಳ ಪಕ್ಕ ಮೆಟ್ಟಿಲಲ್ಲಿ ಕುಳಿತ. ಕಾರ್ಕಳದ ಕಡೆಗೆ ಎರಡು ಬಸ್ಸು ಹೋದವು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಸುಮ್ಮನಾಗುವವರೆಗೂ ಅವನು ಹಾಗೇ ಕುಳಿತಿದ್ದ. ಆಮೇಲೆ ಒಂದು ಬೀಜ ತೆಗೆದುಕೊಂಡು, ಉಗುರು ಹಾಕಿ ಅದರ ಸಿಪ್ಪೆ ಬಿಡಿಸತೊಡಗಿದ.